ಸಿಡುಕುವ ಕರುಳೂ ಸಮತೂಕದ ಊಟವೂ

(ಸಂಘದ ಆರೋಗ್ಯ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾನು ಮಾತನಾಡಬೇಕಾದ ವಿಷಯ, ಸಭೆಯಲ್ಲಿ ಬಾಯಿಬಿಟ್ಟು ಹೇಳಲು ಜನ ನಾಚುವಂಥದು. ತಲೆನೋವಾದರೆ ಹತ್ತು ಮಂದಿಯ ಮುಂದೆ ಹೇಳುತ್ತೇವೆ. ಸೊಂಟ ಹಿಡಿದರೆ ಕೋಣೆಯ ಗೆಳೆಯನಿಂದ ಎಣ್ಣೆ ತಿಕ್ಕಿಸಿಕೊಳ್ಳುತ್ತೇವೆ. ಹೊಟ್ಟೆ ನುಲಿಯುತ್ತದೆ, ಬೆಳಗಾದರೆ ನಾಲ್ಕು ಸಲ ಸಂಡಾಸಿಗೆ ಓಡಬೇಕಾಗುತ್ತದೆ, ಇಲ್ಲವೆ ಮೂರು ದಿನವಾದರೂ ಸರಿಯಾಗಿ ಆಗುವುದಿಲ್ಲ ಎಂಬುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಹೇಳಿದರೆ ನಗುತ್ತಾರೆಂಬ ಸಂಕೋಚ. ಹೀಗೆ ಮೌನವಾಗಿ ವರ್ಷಗಟ್ಟಲೆ ನರಳುವವರು ನಮ್ಮ ನಡುವೆಯೇ ಇದ್ದಾರೆ.

ನಮ್ಮವರ ಬದುಕಿನ ರೀತಿಯನ್ನು ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಊರಿಗೆಲ್ಲ ಹೊತ್ತಿಗೆ ಸರಿಯಾಗಿ ಊಟ ಬಡಿಸುವ ಹೋಟೆಲು ಕೆಲಸಗಾರನ ಊಟ ಸಾಯಂಕಾಲ ನಾಲ್ಕಕ್ಕೆ. ಮುಂಬಯಿಯ ಗಿರಣಿಗಳ ಭೋಂಗಾ 1982ರ ಮುಷ್ಕರದ ನಂತರದ ವರ್ಷಗಳಲ್ಲಿ ಒಂದೊಂದಾಗಿ ನಿಂತಿತು. ಆದರೆ ಮೂರು ಪಾಳಿಗಳಲ್ಲಿ ದುಡಿದ ಹಿರಿಯರು ಇಂದೂ ನಮ್ಮೊಡನಿದ್ದಾರೆ. ಭಿವಂಡಿ, ಇಚಲಕರಂಜಿಯ ಮಗ್ಗಗಳಲ್ಲಿಯೂ ಕಾವಲು ಕೆಲಸದಲ್ಲಿಯೂ ರಾತ್ರಿಪಾಳಿ ಇನ್ನೂ ಇದೆ. ಇಂಥ ಕೆಲಸದ ನಡುವೆ ಹೊಟ್ಟೆಯನ್ನು ಸಮಾಧಾನದಲ್ಲಿಟ್ಟುಕೊಳ್ಳುವುದು ಹೇಗೆ, ಹಾಗೆಯೇ ಮೈಗೆ ಬೇಕಾದ ಪೌಷ್ಟಿಕಾಂಶಗಳನ್ನು ಕಳೆದುಕೊಳ್ಳದಿರುವುದು ಹೇಗೆ ಎಂಬುದೇ ಇಂದಿನ ವಿಷಯ.

ಇದು ಯಾವ ಬೇನೆ?

ವೈದ್ಯರು ಇದನ್ನು ಇರಿಟಬಲ್ ಬವೆಲ್ ಸಿಂಡ್ರೋಮ್, ಚಿಕ್ಕದಾಗಿ ಐ.ಬಿ.ಎಸ್. ಎನ್ನುತ್ತಾರೆ. ನಾವು ಸಿಡುಕುವ ಕರುಳು ಎನ್ನೋಣ. ನಮ್ಮ ಸಣ್ಣ ಕರುಳು ಸುಮಾರು 20 ಅಡಿ, ದೊಡ್ಡ ಕರುಳು ಸುಮಾರು 5 ಅಡಿ ಉದ್ದ. ಜೀರ್ಣಾಂಗಗಳ ಗೋಡೆಯೊಳಗೆ 10 ಕೋಟಿಗೂ ಮಿಕ್ಕಿ ನರಕೋಶಗಳಿವೆ. ಇವು ಮಿದುಳಿನೊಡನೆ ಹಗಲಿರುಳೂ ಸುದ್ದಿ ವಿನಿಮಯ ಮಾಡುತ್ತಿರುತ್ತವೆ. ಈ ಬೇನೆಯಲ್ಲಿ ಆ ಸುದ್ದಿಯ ತಂತಿ ಅತಿ ಸೂಕ್ಷ್ಮವಾಗುತ್ತದೆ. ಇನ್ನೊಬ್ಬನಿಗೆ ಗೊತ್ತೇ ಆಗದಷ್ಟು ವಾಯು ಇವನಿಗೆ ನೋವಾಗಿ ಕಾಣುತ್ತದೆ. ಕರುಳಿನ ಚಲನೆ ಒಮ್ಮೆ ಅವಸರ, ಒಮ್ಮೆ ನಿಧಾನ.

ಮಗ್ಗದ ಕೆಲಸ ಬಲ್ಲವರಿಗೆ ಹೀಗೆ ಹೇಳಬಹುದು: ಮಗ್ಗದ ಯಾವ ಭಾಗವೂ ಮುರಿದಿಲ್ಲ, ಎಳೆಯ ಬಿಗಿ ತಪ್ಪಿದೆ. ಆದುದರಿಂದಲೇ ರಕ್ತ ಪರೀಕ್ಷೆ ಮಾಡಿಸಿದರೂ ನಳಿಕೆ ಹಾಕಿ ನೋಡಿದರೂ ಹೆಚ್ಚಾಗಿ ಏನೂ ಸಿಗುವುದಿಲ್ಲ. ಏನೂ ಸಿಗಲಿಲ್ಲವೆಂದ ಮಾತ್ರಕ್ಕೆ ಬೇನೆ ಬರಿಯ ಭ್ರಮೆಯೆಂದು ತಿಳಿಯಬಾರದು. ನೋವು ನಿಜವಾದುದೇ. ಇದು ಕ್ಯಾನ್ಸರಾಗಿ ಮಾರ್ಪಡುವುದಿಲ್ಲ, ಕರುಳನ್ನು ಕೊರೆಯುವುದಿಲ್ಲ ಎಂಬುದೂ ಅಷ್ಟೇ ನಿಜ.

ಇದನ್ನು ಗುರುತಿಸಲು ಅಂತರರಾಷ್ಟ್ರೀಯ ತಜ್ಞರು 2016ರಲ್ಲಿ ಪರಿಷ್ಕರಿಸಿದ ‘ರೋಮ್’ ನಿಯಮಗಳಿವೆ. ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಬಂದಿರಬೇಕು. ತೊಂದರೆ ಆರಂಭವಾಗಿ ಆರು ತಿಂಗಳಾದರೂ ಆಗಿರಬೇಕು. ಆ ನೋವಿಗೂ ಮಲವಿಸರ್ಜನೆಗೂ ನಂಟಿರುವುದು, ಎಷ್ಟು ಸಲ ಹೋಗುತ್ತೇವೆಂಬುದು ಬದಲಾಗುವುದು, ಮಲದ ರೂಪ ಬದಲಾಗುವುದು ಈ ಮೂರರಲ್ಲಿ ಎರಡಾದರೂ ಕಾಣಬೇಕು. ಕೆಲವರಿಗೆ ಭೇದಿಯೇ ಹೆಚ್ಚು, ಕೆಲವರಿಗೆ ಮಲಬದ್ಧತೆಯೇ ಹೆಚ್ಚು, ಕೆಲವರಿಗೆ ಎರಡೂ ಸರದಿಯಂತೆ.

ಮೊದಲು ವೈದ್ಯರು, ಆಮೇಲೆ ಪಥ್ಯ

ಇಲ್ಲಿ ಒಂದು ಎಚ್ಚರಿಕೆ. ಹೊಟ್ಟೆಯ ತೊಂದರೆಯೆಲ್ಲ ಸಿಡುಕುವ ಕರುಳೇ ಆಗಿರುವುದಿಲ್ಲ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಜ್ವರ ಬರುತ್ತಿದ್ದರೆ, ನಿದ್ದೆಯಿಂದ ಎಬ್ಬಿಸುವಷ್ಟು ಭೇದಿಯಾದರೆ, ರಕ್ತಹೀನತೆಯಿದ್ದರೆ, 50 ವಯಸ್ಸಿನ ಸುಮಾರಿಗೆ ಅಥವಾ ಆಮೇಲೆ ಮೊದಲ ಬಾರಿ ಈ ತೊಂದರೆ ಕಂಡರೆ, ಮನೆತನದಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಉಂಟು, ಅಮೀಬಾದ ಉಪದ್ರವವೂ ಉಂಟು. ಅವುಗಳ ಔಷಧವೇ ಬೇರೆ.

ಇದರ ಮತ್ತೊಂದು ಮುಖವನ್ನೂ ಹೇಳಬೇಕು. ಹೊಟ್ಟೆ ಕೆಟ್ಟಿತೆಂದಾಗಲೆಲ್ಲ ಔಷಧದಂಗಡಿಗೆ ಹೋಗಿ, ಹಿಂದೆ ಯಾರೋ ಬರೆದುಕೊಟ್ಟ ಅಮೀಬಾದ ಗುಳಿಗೆಯನ್ನೇ ಮತ್ತೆ ಮತ್ತೆ ನುಂಗುವ ಅಭ್ಯಾಸ ಅನೇಕರಿಗಿದೆ. ಸಿಡುಕುವ ಕರುಳಿಗೆ ಆ ಗುಳಿಗೆ ಮದ್ದಲ್ಲ. ಒಮ್ಮೆ ಸರಿಯಾಗಿ ತೋರಿಸಿಕೊಂಡು, ಬೇನೆ ಇಂಥದೆಂದು ಗೊತ್ತುಮಾಡಿಕೊಂಡ ಮೇಲೆ ಊಟದ ವಿಚಾರಕ್ಕೆ ಬರಬೇಕು.

ತಟ್ಟೆ ಬರಿದಾಗುವ ಅಪಾಯ

ಈ ಬೇನೆಯವರು ಮಾಡಿಕೊಳ್ಳುವ ದೊಡ್ಡ ಹಾನಿ ಭಯದಿಂದ ಬರುತ್ತದೆ. ಒಂದು ದಿನ ಹಾಲು ಕುಡಿದಾಗ ಹೊಟ್ಟೆ ಉಬ್ಬಿತು, ಹಾಲು ಬಿಟ್ಟರು. ಇನ್ನೊಂದು ದಿನ ಬೇಳೆ ತಿಂದಾಗ ನುಲಿಯಿತು, ಬೇಳೆ ಬಿಟ್ಟರು. ಸೊಪ್ಪು ತಿಂದರೆ ಭೇದಿಯೆಂದು ಸೊಪ್ಪು ಹೋಯಿತು, ಹಣ್ಣು ಶೀತವೆಂದು ಹಣ್ಣು ಹೋಯಿತು. ಕೊನೆಗೆ ಉಳಿದುದು ಬಿಳಿಯನ್ನ, ಸಾರು, ಉಪ್ಪಿನಕಾಯಿ, ಚಾ, ಬಿಸ್ಕೀಟು. ಹೊಟ್ಟೆ ಅಷ್ಟಿಷ್ಟು ತಣ್ಣಗಾದರೂ ಆಗಬಹುದು. ಆದರೆ ಮೈಯ ಬಲ ಇಳಿಯುತ್ತದೆ, ರಕ್ತ ಕಡಿಮೆಯಾಗುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ದುಡಿಯುವವನ ಬಂಡವಾಳವೇ ಮೈ. ಅದನ್ನು ಕರಗಿಸಿಕೊಂಡು ಹೊಟ್ಟೆಯನ್ನು ಉಳಿಸಿಕೊಂಡರೆ ಏನು ಬಂತು?

ಆದ ಕಾರಣ ನಾನು ಇಂದು ಹೇಳಬೇಕೆಂದಿರುವ ಮುಖ್ಯ ಮಾತು ಒಂದೇ: ಒಂದು ಪದಾರ್ಥವನ್ನು ಎಲೆಯಿಂದ ಎಬ್ಬಿಸಿದರೆ, ಅದೇ ಪಂಕ್ತಿಯ ಇನ್ನೊಂದನ್ನು ಆ ಜಾಗದಲ್ಲಿ ಕೂರಿಸಬೇಕು. ಪಂಕ್ತಿ ಖಾಲಿಯಾಗಬಾರದು.

ಪಂಕ್ತಿಗಳು ಯಾವುವು? ಪೌಷ್ಟಿಕತೆಯ ಅಧ್ಯಯನಕ್ಕೆಂದು 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ, 1958ರಲ್ಲಿ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಆಹಾರದ ಹೊಸ ಸೂಚನೆಗಳನ್ನು ಪ್ರಕಟಿಸಿತು. ದಿನಕ್ಕೆ 2000 ಕ್ಯಾಲೊರಿಯ ಊಟಕ್ಕೆ ಅದು ಕೊಟ್ಟಿರುವ ಲೆಕ್ಕ ಇದು: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್, ಬೀಜಗಳು 35 ಗ್ರಾಂ, ಎಣ್ಣೆ 27 ಗ್ರಾಂ. ಧಾನ್ಯ, ಬೇಳೆಗಳ ತೂಕ ಬೇಯಿಸುವುದಕ್ಕೆ ಮುಂಚಿನದು. ಭಾರದ ಕೆಲಸದವರಿಗೆ ಇದಕ್ಕಿಂತ ಹೆಚ್ಚು ಬೇಕು. ತಕ್ಕಡಿ ಹಿಡಿದು ಉಣ್ಣಿರೆಂದು ನಾನು ಹೇಳುತ್ತಿಲ್ಲ. ನಮ್ಮ ತಟ್ಟೆಯಲ್ಲಿ ಅನ್ನದ ಗುಡ್ಡೆ ಎಷ್ಟು, ಪಲ್ಯದ ಚಮಚೆ ಎಷ್ಟು ಎಂಬುದನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಯಾವುದರ ಬದಲಿಗೆ ಯಾವುದು?

ಕೆಲವು ಆಹಾರಗಳಲ್ಲಿರುವ ಒಂದು ಬಗೆಯ ಸಕ್ಕರೆಯ ಅಂಶಗಳು ಸಣ್ಣ ಕರುಳಿನಲ್ಲಿ ಪೂರ್ತಿ ಹೀರಲ್ಪಡುವುದಿಲ್ಲ. ಅವು ನೀರನ್ನು ಎಳೆದುಕೊಂಡು ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿಯ ಸೂಕ್ಷ್ಮಜೀವಿಗಳು ಅವನ್ನು ಹುಳಿಯಿಸಿ ವಾಯು ಮಾಡುತ್ತವೆ. ಇದು ಎಲ್ಲರ ಹೊಟ್ಟೆಯಲ್ಲೂ ನಡೆಯುವ ಕೆಲಸ. ಸಿಡುಕುವ ಕರುಳಿಗೆ ಮಾತ್ರ ಅದು ನೋವಾಗುತ್ತದೆ. ಆಸ್ಟ್ರೇಲಿಯದ ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ಈ ಅಂಶಗಳಿಗೆ ‘ಫಾಡ್‌ಮ್ಯಾಪ್’ ಎಂಬ ಒಟ್ಟು ಹೆಸರನ್ನಿಟ್ಟು, 2005ರಿಂದೀಚೆಗೆ ಆಹಾರದ ಒಂದು ಕ್ರಮವನ್ನು ರೂಪಿಸಿದರು. ಅದನ್ನು ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುತ್ತೇನೆ.

ಧಾನ್ಯದ ಪಂಕ್ತಿಯಲ್ಲಿ ಗೋಧಿ ಅನೇಕರಿಗೆ ವಾಯು ತರುತ್ತದೆ. ದಿನವೂ ಪಾವ್, ಚಪಾತಿ, ಬಿಸ್ಕೀಟುಗಳನ್ನೇ ನಂಬಿದವರು ಕೆಲವು ವಾರ ಅನ್ನ, ಇಡ್ಲಿ, ಜೋಳದ ಭಕ್ರಿಗಳಿಗೆ ತಿರುಗಿ ನೋಡಬಹುದು. ಅಕ್ಕಿ ಅತಿ ಕಡಿಮೆ ವಾಯು ತರುವ ಧಾನ್ಯ. ನಮ್ಮ ಕರಾವಳಿಯ ಕುಚ್ಚಲಕ್ಕಿ ಗಂಜಿ ಬಳಲಿದ ಹೊಟ್ಟೆಗೆ ಒಳ್ಳೆಯ ಮಿತ್ರ. ಆದರೆ ಒಬ್ಬ ಮಿತ್ರನಿಂದ ಸಂಸಾರ ಸಾಗದು. ಗಂಜಿಯ ಜೊತೆಗೆ ಪಲ್ಯವೂ ಹೆಸರುಬೇಳೆಯ ತೊವ್ವೆಯೂ ಇರಲಿ. ತಿನ್ನುವವರಿಗೆ ಒಂದು ಮೊಟ್ಟೆಯೋ ಮೀನೋ ಇರಲಿ.

ಬೇಳೆಕಾಳಿನ ಪಂಕ್ತಿಯಲ್ಲಿ ರಾಜ್ಮಾ, ಕಾಬೂಲಿ ಕಡಲೆ, ಒಣ ಬಟಾಣಿಯ ಉಸಳ್ ಬಹಳ ಜನಕ್ಕೆ ಒಗ್ಗುವುದಿಲ್ಲ. ಅವುಗಳಿಗೆ ಬದಲು ಹೆಸರುಬೇಳೆಯನ್ನು ಅಳತೆಯಲ್ಲಿ ತೆಗೆದುಕೊಳ್ಳಬೇಕು. ಯಾವ ಕಾಳಾದರೂ ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿದರೆ ವಾಯುವಿನ ಅಂಶ ಎಷ್ಟೋ ಇಳಿಯುತ್ತದೆ. ಮೊಟ್ಟೆ, ಮೀನು, ಕೋಳಿಮಾಂಸಗಳಲ್ಲಿ ಈ ಬಗೆಯ ಸಕ್ಕರೆಯ ಅಂಶವಿಲ್ಲ. ಬಂಗುಡೆ, ಬೂತಾಯಿಗಳನ್ನು ಎಣ್ಣೆಯಲ್ಲಿ ಮುಳುಗಿಸದೆ, ಖಾರ ಇಳಿಸಿ ಬೇಯಿಸಿಕೊಂಡರೆ ಅವು ಕಡಿಮೆ ಖರ್ಚಿನ ಒಳ್ಳೆಯ ಆಹಾರ.

ತರಕಾರಿಯಲ್ಲಿ ಮುಖ್ಯ ತಂಟೆಕೋರರು ಈರುಳ್ಳಿ ಮತ್ತು ಬೆಳ್ಳುಳ್ಳಿ. ಹೂಕೋಸು, ಅಣಬೆಗಳೂ ಕೆಲವರಿಗೆ ಕಷ್ಟ. ಒಂದು ತಟ್ಟೆ ಪಾವ್ ಭಾಜಿಯಲ್ಲಿ ಗೋಧಿ, ಈರುಳ್ಳಿ, ಬೆಳ್ಳುಳ್ಳಿ, ಹೂಕೋಸು, ಬಟಾಣಿ, ಬೆಣ್ಣೆ, ಖಾರ ಎಲ್ಲವೂ ಕೂಡಿ ಬರುವುದರಿಂದಲೇ ಆ ರಾತ್ರಿ ನಿದ್ದೆ ಕೆಡುವುದು. ಈರುಳ್ಳಿಯಿಲ್ಲದೆ ರುಚಿಯೆಲ್ಲಿ ಎಂದು ಕೇಳುವಿರಾ? ಉಡುಪಿಯ ಮಠದ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯಿಲ್ಲದೆಯೇ ಸಾರು, ಹುಳಿ, ಪಲ್ಯಗಳು ಆಗುತ್ತವೆ. ಇಂಗು, ಜೀರಿಗೆ, ಶುಂಠಿ, ಕರಿಬೇವು ಆ ರುಚಿಯನ್ನು ತುಂಬುತ್ತವೆ. ಬೆಳ್ಳುಳ್ಳಿಯ ಪರಿಮಳ ಬೇಕೇ ಬೇಕೆನ್ನುವವರು ಅದನ್ನು ಎಣ್ಣೆಯಲ್ಲಿ ಹುರಿದು ಎಸಳನ್ನು ತೆಗೆದುಹಾಕಬಹುದು. ತೊಂದರೆ ಕೊಡುವ ಅಂಶ ನೀರಿಗೆ ಬಿಡುತ್ತದೆ, ಎಣ್ಣೆಗೆ ಬಿಡುವುದಿಲ್ಲ. ಸೌತೆ, ಬದನೆ, ಬೀನ್ಸ್, ಕ್ಯಾರೆಟ್, ಬಟಾಟೆ, ಪಾಲಕ್ ಇವು ಹೆಚ್ಚಿನವರಿಗೆ ಒಗ್ಗುತ್ತವೆ. ಹಣ್ಣಿನಲ್ಲಿ ಮಾವು, ಸೇಬು, ಕಲ್ಲಂಗಡಿಗಳ ಜಾಗದಲ್ಲಿ ಪಪ್ಪಾಯಿ, ಕಿತ್ತಳೆ, ಹೆಚ್ಚು ಕಳಿಯದ ಬಾಳೆಹಣ್ಣು ಬರಲಿ.

ಹಾಲಿನ ವಿಷಯ. ದೊಡ್ಡವರಾದ ಮೇಲೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ನಮ್ಮಲ್ಲಿ ಅನೇಕರಿಗೆ ಇಳಿಯುತ್ತದೆ. ಲೋಟದ ತುಂಬ ಹಾಲು ಕುಡಿದರೆ ಗುಡುಗುಡು ಎನ್ನುವ ಹೊಟ್ಟೆ ಮೊಸರನ್ನೋ ಮಜ್ಜಿಗೆಯನ್ನೋ ಸುಮ್ಮನೆ ಒಪ್ಪುವುದುಂಟು. ಮೊಸರಿನ ಸೂಕ್ಷ್ಮಜೀವಿಗಳು ಆ ಸಕ್ಕರೆಯನ್ನು ಜೀರ್ಣಿಸಲು ಸಹಾಯ ಮಾಡುತ್ತವೆ. ಹಾಲು ಬಿಟ್ಟವರು ಮೊಸರನ್ನೂ ಬಿಟ್ಟುಬಿಡಬಾರದು; ಎಲುಬಿಗೆ ಬೇಕಾದ ಸುಣ್ಣದ ಅಂಶ ಅದರಲ್ಲಿಯೇ ಇದೆ.

ಪರೀಕ್ಷೆ ಮಾಡುವ ಕ್ರಮ

ಇಷ್ಟನ್ನು ಕೇಳಿ ನಾಳೆಯಿಂದಲೇ ಎಲ್ಲವನ್ನೂ ಒಮ್ಮೆಗೆ ಬಿಟ್ಟುಬಿಡಬೇಡಿ. ಮೊದಲು ಒಂದು ವಾರ ಸುಮ್ಮನೆ ಬರೆದಿಡಿ. ಎರಡು ರೂಪಾಯಿಯ ಲೆಕ್ಕವನ್ನೂ ಬರೆದಿಡುವ ಜನ ನಾವು. ಹೊಟ್ಟೆಯ ಲೆಕ್ಕ ಬರೆಯಲಾರೆವೇ? ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ, ನೋವು ಯಾವಾಗ ಬಂತು, ಎಷ್ಟು ಸಲ ಹೋದಿರಿ, ಆ ದಿನ ನಿದ್ದೆ ಹೇಗಿತ್ತು ಎಂದು ಒಂದು ಸಣ್ಣ ಪುಸ್ತಕದಲ್ಲಿ ಗುರುತಿಟ್ಟುಕೊಳ್ಳಿ.

ಆಮೇಲೆ ಸಂದೇಹಕ್ಕೆ ಬಂದ ಪದಾರ್ಥವನ್ನು ಎರಡರಿಂದ ಆರು ವಾರ ನಿಲ್ಲಿಸಿ, ಅದರ ಬದಲಿಯನ್ನು ತಿನ್ನಿ. ವ್ಯತ್ಯಾಸ ಕಾಣದಿದ್ದರೆ ಆ ಪದಾರ್ಥ ನಿರಪರಾಧಿ. ಅದನ್ನು ಮರಳಿ ತಟ್ಟೆಗೆ ಕರೆಯಿರಿ. ಗುಣ ಕಂಡರೂ ಅಷ್ಟಕ್ಕೇ ನಿಲ್ಲಬಾರದು. ಸ್ವಲ್ಪ ಸ್ವಲ್ಪವಾಗಿ ಮತ್ತೆ ಸೇರಿಸಿ, ಎಷ್ಟರವರೆಗೆ ಹೊಟ್ಟೆ ತಾಳುತ್ತದೆಂದು ನೋಡಬೇಕು. ಬೋಗುಣಿ ತುಂಬ ಈರುಳ್ಳಿ ಗೊಜ್ಜು ತಾಳದವನಿಗೆ ಒಗ್ಗರಣೆಯ ಎರಡು ಚೂರು ಏನೂ ಮಾಡದೆ ಇರಬಹುದು. ಜೀವನವಿಡೀ ಎಲ್ಲವನ್ನೂ ಬಿಡುವುದು ಈ ಕ್ರಮದ ಉದ್ದೇಶವಲ್ಲ. ಸಕ್ಕರೆ ಕಾಯಿಲೆಯವರು, ಬಸುರಿಯರು, ಈಗಾಗಲೇ ತೂಕ ಇಳಿದವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಮಲಬದ್ಧತೆಯವರಿಗೆ ಇಸಬಗೋಲಿನ ಹೊಟ್ಟು ಒಳ್ಳೆಯದು. ಗುಜರಾತ, ರಾಜಸ್ಥಾನಗಳಲ್ಲಿ ಬೆಳೆದು ಜಗತ್ತಿಗೆಲ್ಲ ಹೋಗುವ ಈ ವಸ್ತು ನೀರನ್ನು ಹಿಡಿದು ಮಲವನ್ನು ಮೆತ್ತಗೂ ಒಂದೇ ಹದವಾಗಿಯೂ ಮಾಡುತ್ತದೆ. ಮೊದಲು ದಿನಕ್ಕೊಂದು ಚಿಕ್ಕ ಚಮಚ ಸಾಕು. ಅದರೊಡನೆ ಒಂದು ಲೋಟ ತುಂಬ ನೀರು ಕುಡಿಯಲೇಬೇಕು. ಗೋಧಿಯ ತೌಡು ಮಾತ್ರ ಈ ಬೇನೆಯವರಲ್ಲಿ ಉಬ್ಬರವನ್ನು ಹೆಚ್ಚಿಸುವುದುಂಟು.

ಹೊತ್ತಿಗೆ ಊಟ, ಮಿತಿಯಲ್ಲಿ ಚಾ

ಏನು ತಿನ್ನುತ್ತೇವೆಂಬುದರಷ್ಟೇ ಮುಖ್ಯವಾದುದು ಯಾವಾಗ, ಹೇಗೆ ತಿನ್ನುತ್ತೇವೆಂಬುದು. ಹೊಟ್ಟೆಗೆ ಅನ್ನ ಬಿದ್ದೊಡನೆ ದೊಡ್ಡ ಕರುಳು ಚಲಿಸಲು ತೊಡಗುವುದು ದೇಹದ ಸಹಜ ಧರ್ಮ. ಎಂಟು ಗಂಟೆ ಬರಿಹೊಟ್ಟೆಯಲ್ಲಿದ್ದು, ಆಮೇಲೆ ಐದು ನಿಮಿಷದಲ್ಲಿ ಎಣ್ಣೆ ಖಾರದ ದೊಡ್ಡ ಊಟವನ್ನು ನುಂಗಿದರೆ ಆ ಚಲನೆ ಸೆಳೆತವಾಗುತ್ತದೆ. ಮೆಣಸಿನ ಖಾರ ಕರುಳಿನ ನೋವಿನ ನರಗಳನ್ನೇ ಕೆರಳಿಸುತ್ತದೆ. ನಡುನಡುವೆ ಹಸಿವು ಅಡಗಿಸಲು ಕುಡಿಯುವ ಕಟಿಂಗ್ ಚಾ ಕರುಳನ್ನು ಇನ್ನಷ್ಟು ಓಡಿಸುತ್ತದೆ. ಚಾ, ಕಾಫಿ ಕೂಡಿ ದಿನಕ್ಕೆ ಮೂರು ಲೋಟಕ್ಕೆ ಮೀರದಿರಲಿ. ನೀರು ಎಂಟು ಲೋಟಕ್ಕೆ ಕಡಿಮೆಯಾಗದಿರಲಿ. ಭಟ್ಟಿಯ ಮುಂದೆ ನಿಲ್ಲುವವರಿಗೆ ಅದಕ್ಕಿಂತ ಹೆಚ್ಚು ಬೇಕು. ಸೋಡಾ ಪಾನೀಯ, ಮದ್ಯ ಇವೆರಡೂ ಈ ಹೊಟ್ಟೆಗೆ ಹಗೆಗಳು.

ಹೋಟೆಲಿನಲ್ಲಿ ಬೆಳಗಿನ ಐದಕ್ಕೆ ಏಳುವವರು ಏಳು ಗಂಟೆಯೊಳಗೆ ಎರಡು ಇಡ್ಲಿ, ಸ್ವಲ್ಪ ಚಟ್ನಿ ತಿಂದುಬಿಡಲಿ. ಹನ್ನೊಂದರ ಸುಮಾರಿಗೆ, ಗಿರಾಕಿಗಳ ನೂಕುನುಗ್ಗಲಿಗೆ ಮುಂಚೆ, ಸಣ್ಣ ಊಟ. ಮೂರಕ್ಕೆ ಇನ್ನೊಂದು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹಗುರವಾದ ಮೊಸರನ್ನವೋ ಗಂಜಿಯೋ. ರಾತ್ರಿಪಾಳಿಯವರು ಪಾಳಿಗೆ ಹೋಗುವ ಮುನ್ನ ಮುಖ್ಯ ಊಟ ಮುಗಿಸಿ, ನಡುರಾತ್ರಿ ಡಬ್ಬಿಯ ಹಗುರ ಆಹಾರ ತಿಂದು, ಬೆಳಿಗ್ಗೆ ಸ್ವಲ್ಪ ತಿಂದು ಮಲಗಲಿ. ಪಾಳಿ ವಾರಕ್ಕೊಮ್ಮೆ ಬದಲಾದರೂ ಊಟಗಳ ನಡುವಣ ಅಂತರ ಬದಲಾಗದಂತೆ ನೋಡಿಕೊಂಡರೆ ಹೊಟ್ಟೆ ಅರ್ಧ ಸಮಾಧಾನವಾಗುತ್ತದೆ.

ಇದು ಒಬ್ಬನ ಕೆಲಸವಲ್ಲ

ಸೋದರರೇ, ಇಷ್ಟು ಹೇಳಿ ನಾನು ಕುಳಿತುಬಿಟ್ಟರೆ ಅರ್ಧ ಮಾತು ಹೇಳಿದಂತಾಗುತ್ತದೆ. ಹೊತ್ತಿಗೆ ಉಣ್ಣಿರೆಂದು ಹೇಳುವುದು ಸುಲಭ. ಮೇಜಿನ ಮುಂದೆ ಹತ್ತು ಗಿರಾಕಿಗಳು ಕಾಯುತ್ತಿರುವಾಗ ಸಪ್ಲೈಯರ್ ಹೇಗೆ ಕುಳಿತು ಉಣ್ಣಬೇಕು? ಮಲವಿಸರ್ಜನೆಯ ಕರೆಯನ್ನು ತಡೆಯಬೇಡಿ, ತಡೆದರೆ ಮಲಬದ್ಧತೆ ಹೆಚ್ಚುತ್ತದೆ ಎನ್ನುವುದೂ ಸುಲಭ. ಚಾಳಿನಲ್ಲಿ ಇಡೀ ಮಾಳಿಗೆಗೆ ಎರಡೇ ಸಂಡಾಸು, ಮುಂದೆ ಸಾಲು. ಕೆಲಸದ ಜಾಗದಲ್ಲಿ ಅದೂ ಇಲ್ಲ. ಹಾಗಿರುವಾಗ ಏನು ಮಾಡಬೇಕು?

1948ರ ಕಾರ್ಖಾನೆ ಕಾಯಿದೆಯಲ್ಲಿ, ಅರ್ಧ ಗಂಟೆಯ ಬಿಡುವಿಲ್ಲದೆ ಐದು ಗಂಟೆಗೂ ಮೀರಿ ದುಡಿಸಬಾರದೆಂದು ಬರೆಯಲಾಯಿತು. 250ಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ ಕ್ಯಾಂಟೀನು ಇರಬೇಕೆಂಬ ನಿಯಮಕ್ಕೂ, ಸಾಕಷ್ಟು ಸಂಡಾಸುಗಳಿರಬೇಕೆಂಬ ನಿಯಮಕ್ಕೂ ಅದರಲ್ಲಿ ಎಡೆ ಸಿಕ್ಕಿತು. ಊಟದ ಬಿಡುವು ಧಣಿಯ ದಯೆಯಿಂದ ಸಿಗುವ ವಸ್ತುವಲ್ಲ, ಮೈಯ ಅವಶ್ಯಕತೆ ಎಂಬ ತಿಳಿವು ಆ ಬರಹದ ಹಿಂದಿದೆ. ಸಣ್ಣ ಹೋಟೆಲಿಗೂ ಅದೇ ತಿಳಿವು ಸಲ್ಲಬೇಕು.

ಆದುದರಿಂದ ಸಂಘದ ಮುಂದೆ ಮೂರು ಸಲಹೆಗಳನ್ನಿಡುತ್ತೇನೆ. ಒಂದು, ಕೆಲಸಗಾರರು ಸರದಿಯಂತೆ ಇಪ್ಪತ್ತು ಮೂವತ್ತು ನಿಮಿಷ ಕುಳಿತು ಉಣ್ಣುವ ವ್ಯವಸ್ಥೆಯನ್ನು ಧಣಿಗಳೊಡನೆ ಮಾತಾಡಿ ಮಾಡಿಸುವುದು. ಎರಡು, ಕೆಲಸಗಾರರ ಊಟದಲ್ಲಿ ದಿನಕ್ಕೊಂದು ಪಲ್ಯ, ಒಂದು ಲೋಟ ಮಜ್ಜಿಗೆ ಇರುವಂತೆಯೂ, ಖಾರ ಬೆರೆಸುವ ಮುನ್ನ ಒಂದು ಪಾತ್ರೆ ಬೇಳೆಯನ್ನು ಬೇರೆ ತೆಗೆದಿಡುವಂತೆಯೂ ಅಡುಗೆಯವರಲ್ಲಿ ಕೇಳಿಕೊಳ್ಳುವುದು. ಇದಕ್ಕೆ ಹೆಚ್ಚು ಖರ್ಚಿಲ್ಲ. ಮೂರು, ಸಂಡಾಸಿಗೆ ಹೋದವನನ್ನು ಮೈಗಳ್ಳನೆಂದು ಹಂಗಿಸದಿರುವುದು. ಇದು ಧಣಿಗಳಿಗೆ ಮಾತ್ರ ಹೇಳಿದ ಮಾತಲ್ಲ. ಜೊತೆಯ ಕೆಲಸಗಾರರಾದ ನಮಗೂ ಸೇರಿದ್ದು. ಚಿಂತೆ, ಅವಮಾನ, ನಿದ್ದೆಗೇಡುಗಳಿಂದ ಈ ಬೇನೆ ಹೆಚ್ಚುತ್ತದೆ. ಊರಿನ ಸಾಲ, ಮನೆಯ ಬಾಡಿಗೆಗಳ ಚಿಂತೆಯನ್ನು ನಾವು ಒಬ್ಬರಿಗೊಬ್ಬರು ಇಳಿಸಲಾರೆವು. ಆದರೆ ನಗೆಯಾಡದೆ ಇರಬಲ್ಲೆವು.

ಈ ಬೇನೆ ಒಂದು ಗುಳಿಗೆಯಿಂದ ಹೋಗುವಂಥದಲ್ಲ. ಬರುತ್ತದೆ, ಇಳಿಯುತ್ತದೆ, ಮತ್ತೆ ಬರುತ್ತದೆ. ಆದರೆ ಅದನ್ನು ಹತೋಟಿಯಲ್ಲಿಟ್ಟುಕೊಂಡು, ಹೊಟ್ಟೆತುಂಬ ಉಂಡು, ಮೈಮುರಿದು ದುಡಿದು, ನೆಮ್ಮದಿಯಿಂದ ಬಾಳುವವರು ಬಹಳ ಮಂದಿ ಇದ್ದಾರೆ. ನಿಮ್ಮ ತಟ್ಟೆಯಿಂದ ಏನನ್ನು ತೆಗೆದಿರಿ ಎಂಬುದರ ಜೊತೆಗೆ, ಅದರ ಜಾಗದಲ್ಲಿ ಏನನ್ನು ಇಟ್ಟಿರಿ ಎಂದೂ ಇಂದಿನಿಂದ ಕೇಳಿಕೊಳ್ಳಿ. ಸಭೆ ಮುಗಿದ ಮೇಲೆ ಯಾರಿಗಾದರೂ ಒಬ್ಬರೇ ಬಂದು ಕೇಳಬೇಕೆನಿಸಿದರೆ ಸಂಕೋಚಪಡದೆ ಬನ್ನಿ. ನಾನು ಇಲ್ಲಿಯೇ ಇರುತ್ತೇನೆ.